ಚೈನು ಕಳಚುವ ಸೈಕಲ್: ಕಾರಣದ ಪತ್ತೆ ಮತ್ತು ಫ್ರೇಮಿನ ರಕ್ಷಣೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ರಾಜ್ಯದಲ್ಲಿ 2006-07ನೇ ಸಾಲಿನಲ್ಲಿ ಆರಂಭವಾದ ಉಚಿತ ಬೈಸಿಕಲ್ ಯೋಜನೆಯ ಮೂಲಕ ಎಂಟನೇ ತರಗತಿಯ ಮಕ್ಕಳ ಕೈಸೇರಿದ ಸೈಕಲ್ಲುಗಳು ಅಕ್ಕನಿಂದ ತಮ್ಮನಿಗೆ, ಅಣ್ಣನಿಂದ ತಂಗಿಗೆ ದಾಟುತ್ತ ಬಳಕೆಯಲ್ಲಿ ಉಳಿಯುವುದುಂಟು. ಪ್ರೌಢಶಾಲೆ ನಾಲ್ಕಾರು ಕಿಲೋಮೀಟರ್ ದೂರವಿರುವ ಊರಿನಲ್ಲಿ ಸೈಕಲ್ ಮೂಲೆ ಸೇರಿದರೆ ಅದರ ಪರಿಣಾಮ ಮಗುವಿನ ಹಾಜರಾತಿಯ ಮೇಲೆ ಆಗುತ್ತದೆ. ಏಕೆ ನಿಂತಿದೆ ಎಂದು ವಿಚಾರಿಸಿದಾಗ "ಫ್ರೇಮು ಹೋಗಿದೆ" ಎಂಬ ಉತ್ತರ ಬರಬಹುದು. ಅಂಥ ಸೈಕಲ್ಲಿನ ಹಿಂದಿನ ಕಥೆಯನ್ನು ಕೇಳಿದರೆ, ತಿಂಗಳುಗಟ್ಟಲೆ ಚೈನು ಕಳಚುತ್ತಿತ್ತು, ಪ್ರತಿ ಸಲವೂ ಬೆರಳಿನಿಂದ ಏರಿಸಿ ಓಡಿಸಲಾಗುತ್ತಿತ್ತು ಎಂಬುದು ತಿಳಿಯುವ ಸಂಭವ ಹೆಚ್ಚು. ಚೈನನ್ನು ಮರಳಿ ಏರಿಸುವುದು ದುರಸ್ತಿಯಲ್ಲ.

ಕಳಚಿದ ಚೈನು ಫ್ರೇಮಿಗೆ ಹೇಗೆ ಹಾನಿ ಮಾಡುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. 44 ಹಲ್ಲುಗಳ ಮುಂದಿನ ಚಕ್ರದ ಅರ್ಧವ್ಯಾಸ ಸುಮಾರು 89 ಮಿ.ಮೀ.; ಪೆಡಲಿನ ತೋಳಿನ ಉದ್ದ ಸುಮಾರು 170 ಮಿ.ಮೀ. ಈ ಸನ್ನೆಯ ಫಲವಾಗಿ 40 ಕಿಲೋ ತೂಕದ ಮಗು ಪೆಡಲಿನ ಮೇಲೆ ಎದ್ದು ನಿಂತರೆ ಚೈನಿನ ಮೇಲೆ ಬೀಳುವ ಎಳೆತ 75 ಕಿಲೋ ಮೀರುತ್ತದೆ. ಒಳಬದಿಗೆ ಬಿದ್ದ ಚೈನು ಹಲ್ಲುಚಕ್ರಕ್ಕೂ, ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದತ್ತ ಚಾಚಿರುವ ಬಲಗಡೆಯ ಕೊಳವೆಗೂ ನಡುವೆ ಸಿಕ್ಕಿಕೊಂಡಾಗ, ಇದೇ ಬಲ ಕೊಳವೆಯ ಮೇಲೆ ಬೆಣೆ ಹೊಡೆದಂತೆ ಎರಗುತ್ತದೆ. ಮೊದಲು ಬಣ್ಣ ಕಿತ್ತುಹೋಗುತ್ತದೆ, ಬಳಿಕ ಕೊಳವೆ ತಗ್ಗುತ್ತದೆ. ಆ ತಗ್ಗಿನಲ್ಲಿ ನಿಂತ ಮಳೆನೀರಿನಿಂದ ತುಕ್ಕು ಆರಂಭವಾಗುತ್ತದೆ. ಹಿಂಬದಿಯಲ್ಲಿ ಫ್ರೀವೀಲಿನ ಒಳಗೆ ಬಿದ್ದರೆ ಕಡ್ಡಿಗಳು ಕೊಯ್ದುಹೋಗುತ್ತವೆ, ಹೊರಗೆ ಬಿದ್ದರೆ ಅಚ್ಚು ಕೂರುವ ಸೀಳು ಬಾಗುತ್ತದೆ.

ಆದ್ದರಿಂದ ಸಿಕ್ಕಿಬಿದ್ದ ಚೈನನ್ನು ಪೆಡಲ್ ತುಳಿದು ಬಿಡಿಸಬಾರದು. ಮಕ್ಕಳಿಗೆ ತಿಳಿಸಬೇಕಾದ ಒಂದೇ ಮಾತು ಯಾವುದೆಂದರೆ ಇದು. ಪೆಡಲನ್ನು ನಿಧಾನವಾಗಿ ಹಿಮ್ಮುಖವಾಗಿ ತಿರುಗಿಸುತ್ತ ಕೈಯಿಂದ ಎಳೆಯಬೇಕು. ಬಾರದಿದ್ದರೆ ಹಿಂದಿನ ಚಕ್ರದ ಎರಡೂ ನಟ್ಟುಗಳನ್ನು ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಬೇಕು.

ಕಾರಣದ ಪತ್ತೆಗೆ ಮೊದಲು ನೋಡತಕ್ಕದ್ದು ಸಡಿಲ. ಚೈನಿನ ಕೆಳಭಾಗದ ನಟ್ಟನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದಾಗ ಒಟ್ಟು ಚಲನೆ 10ರಿಂದ 15 ಮಿ.ಮೀ. ಇರಬೇಕು. ಪೆಡಲನ್ನು ಸುತ್ತಿಸಿ, ಅತ್ಯಂತ ಬಿಗಿಯಾಗುವ ಜಾಗದಲ್ಲಿ ಈ ಅಳತೆ ತೆಗೆಯುವುದು ಸೂಕ್ತ. ಸಡಿಲ ಹೆಚ್ಚಿದ್ದರೆ ಎರಡು ಸಾಧ್ಯತೆಗಳಿವೆ: ಚಕ್ರ ಮುಂದಕ್ಕೆ ಜರುಗಿರಬೇಕು, ಇಲ್ಲವೇ ಚೈನು ಸವೆದಿರಬೇಕು.

ಬಲಗಡೆಯ ನಟ್ಟು ಸಡಿಲವಾದರೆ ಚೈನಿನ ಎಳೆತಕ್ಕೆ ಅಚ್ಚಿನ ಬಲತುದಿ ಮುಂದೆ ಸರಿದು ಚಕ್ರ ಓರೆಯಾಗುತ್ತದೆ. ಆಗ ಟೈರು ಎಡಗಡೆಯ ಕೊಳವೆಗೆ ಉಜ್ಜುತ್ತದೆ. ಎಡಕೊಳವೆಯ ಒಳಮೈಯಲ್ಲಿ ಬಣ್ಣ ಸವೆದಿದೆಯೇ ಎಂದು ನೋಡಿದರೆ ಸಾಕು, ಕಾರಣ ಬಹುಮಟ್ಟಿಗೆ ಹೊರಬೀಳುತ್ತದೆ; ಸೈಕಲನ್ನು ಬಿಚ್ಚುವ ಅಗತ್ಯವೂ ಇಲ್ಲ. ಪರಿಹಾರವಾಗಿ ಚಕ್ರವನ್ನು ಹಿಂದಕ್ಕೆಳೆದು, ಎರಡು ಕೊಳವೆಗಳ ನಡುವೆ ಸಮವಾಗಿ ನಿಲ್ಲಿಸಿ, ನಟ್ಟುಗಳನ್ನು ಸರಿಯಾದ ಅಳತೆಯ ಸ್ಪ್ಯಾನರಿನಿಂದ ಬಿಗಿಮಾಡಬೇಕು. ಇಕ್ಕಳದಿಂದ ತಿರುಗಿಸಿದರೆ ನಟ್ಟಿನ ಮೂಲೆಗಳು ದುಂಡಗಾಗುತ್ತವೆಯೇ ಹೊರತು ಬಿಗಿ ನಿಲ್ಲದು.

ಚೈನಿನ ಸವೆತಕ್ಕೆ ಅಳತೆಪಟ್ಟಿಯೇ ಸಾಕ್ಷಿ. ಹೊಸ ಚೈನಿನ 24 ಕೊಂಡಿಗಳ ಉದ್ದ, ಒಂದು ಪಿನ್ನಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ, 304.8 ಮಿ.ಮೀ. ಅದು 308ಕ್ಕೆ ಮುಟ್ಟಿದ್ದರೆ ಚೈನು ಬದಲಿಸಬೇಕು. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಅವನ್ನೂ ಬದಲಿಸದೆ ವಿಧಿಯಿಲ್ಲ, ಏಕೆಂದರೆ ಹೊಸ ಚೈನು ಹಳೆಯ ಹಲ್ಲಿನ ಮೇಲೆ ಹಾರುತ್ತದೆ. ಧೂಳಿನ ರಸ್ತೆಯ ಊರುಗಳಲ್ಲಿ ಚೈನಿಗೆ ದಪ್ಪನಾಗಿ ಗ್ರೀಸು ಬಳಿಯುವ ರೂಢಿ ಉಪಕಾರಿಯಲ್ಲ; ಮಣ್ಣು ಅಂಟಿ ಅದೇ ಸಾಣೆಯಾಗುತ್ತದೆ. ತೆಳುವಾದ ಎಣ್ಣೆ ಹಾಕಿ ಹೊರಮೈ ಒರೆಸಿದರೆ ಸಾಕು.

ಸಡಿಲ ಸರಿಯಿದ್ದೂ ಚೈನು ಕಳಚುತ್ತಿದ್ದರೆ ಹಲ್ಲುಚಕ್ರ ನೇರವಿಲ್ಲವೆಂದು ತಿಳಿಯಬೇಕು. ಪೆಡಲ್ ತಿರುಗುವಾಗ ಹಲ್ಲುಚಕ್ರಕ್ಕೂ ಕೊಳವೆಗೂ ಇರುವ ಅಂತರ ಹಿಗ್ಗಿ ಕುಗ್ಗುವುದನ್ನು ಕಣ್ಣಿನಿಂದಲೇ ನೋಡಬಹುದು. ಪೆಡಲಿನ ತೋಳನ್ನು ಅಡ್ಡಲಾಗಿ ಅಲುಗಾಡಿಸಿದಾಗ ಆಟವಿದ್ದರೆ ಬೇರಿಂಗಿನ ಕಪ್ಪು ಸಡಿಲವಾಗಿದೆ. ಆಟವಿಲ್ಲದಿದ್ದರೆ ಚಕ್ರವೇ ಬಾಗಿದೆ. ಎರಡೂ ಸೈಕಲ್ ಅಂಗಡಿಯಲ್ಲಿ ಸರಿಹೋಗುವ ದೋಷಗಳು.

ಇನ್ನು ಫ್ರೇಮು. ಓರೆಯಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಅಚ್ಚು ಕೂರುವ ಬಲಗಡೆಯ ಸೀಳಿಗೆ ದಾರ ಕಟ್ಟಿ, ಹ್ಯಾಂಡಲಿನ ಕೆಳಗಿನ ಮುಂಕೊಳವೆಯನ್ನು ಬಳಸಿ ತಂದು, ಎಡಸೀಳಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೆಳಗಿನ ಕೊಳವೆಯಿಂದ ದಾರಕ್ಕೆ ಇರುವ ಅಂತರವನ್ನು ಎರಡೂ ಬದಿ ಅಳೆದಾಗ ಒಂದೆರಡು ಮಿ.ಮೀ. ವ್ಯತ್ಯಾಸ ಲೆಕ್ಕಕ್ಕಿಲ್ಲ. ಅದಕ್ಕಿಂತ ಹೆಚ್ಚಿದ್ದರೂ ಉಕ್ಕಿನ ಫ್ರೇಮನ್ನು ಅನುಭವಿ ಕೆಲಸಗಾರರು ಮಣಿಸಿ ನೇರಗೊಳಿಸಬಲ್ಲರು.

ಚೈನು ಕೊರೆದ ಜಾಗವನ್ನು ಒರೆಸಿ ಉಗುರಿನಿಂದ ಸವರಬೇಕು. ಬಣ್ಣ ಮಾತ್ರ ಹೋಗಿದ್ದರೆ ತುಕ್ಕು ಉಜ್ಜಿ ಬಣ್ಣ ಬಳಿದರೆ ಆಯಿತು. ಉಗುರು ಸಿಕ್ಕಿಕೊಳ್ಳುವ ಗೆರೆಯಿದ್ದು, ಒರೆಸಿದ ಮೇಲೂ ಆ ಗೆರೆಯಲ್ಲಿ ತುಕ್ಕು ಕಾಣುತ್ತಿದ್ದರೆ ಬಿರುಕೆಂದೇ ಭಾವಿಸಿ, ಅಂದೇ ಸವಾರಿಯನ್ನು ನಿಲ್ಲಿಸುವುದು. ತೆಳುವಾದ ಕೊಳವೆಗೆ ಗೇಟು, ಕಿಟಕಿ ಬೆಸೆಯುವ ಕರೆಂಟಿನ ವೆಲ್ಡಿಂಗ್ ಮಾಡಿಸಿದರೆ ಲೋಹ ತೂತಾಗುವ ಅಪಾಯವಿದೆ. ಪಿತ್ತಳೆ ಹಾಕಿ ಗ್ಯಾಸಿನಲ್ಲಿ ಬೆಸೆಯುವವರಿದ್ದರೆ ಅವರಲ್ಲಿಗೆ ಕಳುಹಿಸಬಹುದು. ಅದೂ ಆಗದಿದ್ದಲ್ಲಿ ಆ ಸೈಕಲ್ಲಿನ ಚಕ್ರ, ಪೆಡಲ್, ಬ್ರೇಕುಗಳನ್ನು ಬಿಚ್ಚಿಸಿ, ಬಿಡಿಭಾಗಕ್ಕಾಗಿ ನಿಂತಿರುವ ಮತ್ತೊಂದು ಮಗುವಿನ ಸೈಕಲ್ಲಿಗೆ ಹಾಕಿಸುವ ವಿಷಯವನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಹಾಗೂ ಪೋಷಕರೊಂದಿಗೆ ಚರ್ಚಿಸಬಹುದು.