ಮುಂಗಡ ಕೊಟ್ಟ ಮೇಲೆ ಅಳುಕೇ?

ಬಿಡದಿಯಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಒಪ್ಪಿ, ಮುಂಗಡ ಕೊಟ್ಟು, ಈಗ ನಿದ್ದೆ ಬರುತ್ತಿಲ್ಲವೇ? ಆ ಅಳುಕನ್ನು ಅದುಮಿಡಬೇಡಿ. ಜೋರು ಮಳೆ ಬಿದ್ದ ಮರುದಿನ ಗಾರೆ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ. ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಮರ ಒಳಗೇ ಟೊಳ್ಳಾಗಿದೆ. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅಲ್ಲೇ ಅಂಗೈ ಇಟ್ಟು ತೇವ ನೋಡಿ.

ಗೋಡೆಯನ್ನಾದರೂ ರಿಪೇರಿ ಮಾಡಿಸಬಹುದು, ಕಾಗದಪತ್ರ ಹಾಗಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ, ಇ-ಖಾತೆ ಕೇಳಿ. ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ಮನೆಯಾದರೆ, ಬಿಡದಿ ಟೌನ್‌ಶಿಪ್ ಯೋಜನೆಯ ಭೂಸ್ವಾಧೀನದ ಅಧಿಸೂಚನೆಯಲ್ಲಿ ಆ ಸರ್ವೆ ನಂಬರ್ ಇದೆಯೇ ಎಂಬುದೇ ಮೊದಲ ಪ್ರಶ್ನೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ತಮಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ಹೇಳಬೇಕು. ಕಣ್ಣಿಗೆ ಹೊಡೆಯುವ ಬಿರುಕಿಗೆ ಈ ರಕ್ಷಣೆ ಸಿಗದು. ಹಿಂದೆ ಸರಿದರೆ ಮುಂಗಡ ಏನಾಗುತ್ತದೆ? ಕರಾರುಪತ್ರವನ್ನು ವಕೀಲರಿಗೆ ತೋರಿಸಿ. ಕ್ರಯಪತ್ರ ನೋಂದಣಿಗೆ ಮೊದಲೇ ಇದೆಲ್ಲ ಮುಗಿಯಲಿ. ಕೊಟ್ಟ ಮುಂಗಡ ಹೋದೀತೆಂದು ಉಳಿದ ಹಣವನ್ನೂ ಅಲ್ಲಿ ಸುರಿಯಬೇಡಿ.