ಗುಣವಾದವರ ಲೆಕ್ಕ

ಹಾವೇರಿ ಜಿಲ್ಲೆಯ ಹೊಸರಿತ್ತಿ ವರದಾ ನದಿಯ ದಡದಲ್ಲಿರುವ ಊರು. ಈ ಸೀಮೆಯ ಹೊಲಗಳಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತವೆ. ಬೆಳೆಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಆದುದರಿಂದ ಹಾವಿನ ಭಯವು ರೈತನ ಬಾಳಿನೊಡನೆಯೇ ಬೆಳೆದುಬಂದಿದೆ.

ಇಂಥ ಹೊಲವೊಂದರಲ್ಲಿ, ಸಂಜೆಯ ಮಸುಕಿನಲ್ಲಿ ಮೇವು ಕೊಯ್ಯುತ್ತಿದ್ದ ಹುಡುಗನೊಬ್ಬನ ಕಾಲಿಗೆ ಹಾವು ಕಚ್ಚಿತೆಂದು ಭಾವಿಸೋಣ. ಮನೆಯವರ ಮುಂದೆ ಎರಡು ದಾರಿಗಳಿವೆ. ಒಂದು, ಹಾವೇರಿಯ ಆಸ್ಪತ್ರೆಗೆ ಹೋಗುವ ದಾರಿ. ಇನ್ನೊಂದು, ಬೇರು ಅರೆದು ಕುಡಿಸಿ, ಮಂತ್ರ ಹಾಕಿ ವಿಷ ಇಳಿಸುತ್ತೇನೆನ್ನುವವನ ಮನೆಯ ದಾರಿ. ಎರಡನೆಯದು ಹತ್ತಿರದ್ದು, ಖರ್ಚಿಲ್ಲದ್ದು. ಮೇಲಾಗಿ, “ನನ್ನ ಕೈಯಲ್ಲಿ ಎಷ್ಟೋ ಜನ ಬದುಕಿದ್ದಾರೆ, ಬೇಕಾದರೆ ಕೇಳಿ ನೋಡಿ” ಎಂದು ಅವನು ಹೇಳುತ್ತಾನೆ. ಕೇಳಿದರೆ ಬದುಕಿದವರು ನಿಜವಾಗಿಯೂ ಸಿಗುತ್ತಾರೆ. ಹಾಗಾದರೆ ಅವನ ಮಾತನ್ನು ಏಕೆ ನಂಬಬಾರದು?

ಈ ಪ್ರಶ್ನೆಗೆ ಸಿಟ್ಟಿನಿಂದಲ್ಲ, ಲೆಕ್ಕದಿಂದ ಉತ್ತರ ಕೊಡಬೇಕು. ಹಾವು ಕಚ್ಚಿದ ನೂರು ಮಂದಿ ಅವನಲ್ಲಿಗೆ ಬಂದರೆಂದು ಇಟ್ಟುಕೊಳ್ಳೋಣ. ನಮ್ಮ ಹೊಲಗದ್ದೆಗಳಲ್ಲಿ ಕಾಣುವ ಹಾವುಗಳಲ್ಲಿ ಕೇರೆಹಾವು, ನೀರುಹಾವು ಮೊದಲಾದ ವಿಷವಿಲ್ಲದ ಜಾತಿಗಳೇ ಹೆಚ್ಚು. ಲೆಕ್ಕದ ಅನುಕೂಲಕ್ಕಾಗಿ, ನೂರರಲ್ಲಿ ಎಪ್ಪತ್ತು ಮಂದಿಗೆ ಕಚ್ಚಿದವು ಇಂಥವೇ ಎನ್ನೋಣ. ಉಳಿದ ಮೂವತ್ತು ಮಂದಿಗೆ ಕಚ್ಚಿದವು ವಿಷದ ಹಾವುಗಳು. ಆದರೆ ವಿಷದ ಹಾವೂ ಕಚ್ಚಿದಾಗಲೆಲ್ಲ ವಿಷವನ್ನು ಬಿಡುವುದಿಲ್ಲ. ಹೀಗೆ ಇನ್ನು ಹತ್ತು ಮಂದಿ ಪಾರಾದರೆ, ನೂರರಲ್ಲಿ ಎಂಬತ್ತು ಮಂದಿಗೆ ವಿಷವೇ ಏರಿಲ್ಲ. ಬೇರು ಕುಡಿಯಲಿ, ಬಿಡಲಿ, ಅವರು ಬದುಕುವವರೇ. ಆದರೂ ಬದುಕಿಸಿದ ಕೀರ್ತಿ ಬೇರಿಗೂ ಮಂತ್ರಕ್ಕೂ ಸಲ್ಲುತ್ತದೆ.

ಮಿಕ್ಕ ಇಪ್ಪತ್ತು ಮಂದಿಯ ಗತಿಯೇನು? ಅವರಲ್ಲಿ ಸತ್ತವರನ್ನು ಕುರಿತು, “ಹೊತ್ತು ಮೀರಿ ಕರೆತಂದರು” ಎಂದೋ “ಹಣೆಯಲ್ಲಿ ಬರೆದಿದ್ದಿಲ್ಲ” ಎಂದೋ ಹೇಳಿಬಿಡುತ್ತಾರೆ. ಬದುಕಿದ ಎಂಬತ್ತು ಮಂದಿ ಊರೂರು ತಿರುಗಿ ಸಾಕ್ಷಿ ನುಡಿಯುತ್ತಾರೆ. ಸತ್ತವರು ಸಾಕ್ಷಿ ನುಡಿಯಲು ಬರುವುದಿಲ್ಲ. ಮದ್ದು ಕೊಡುವವನು ಮೋಸಗಾರನೇ ಆಗಿರಬೇಕೆಂದಿಲ್ಲ. ತಾನು ಬದುಕಿಸಿದೆನೆಂದು ಅವನೂ ಮನಸಾರೆ ನಂಬಿರಬಹುದು. ಆದರೆ ನಂಬಿಕೆಯ ಪ್ರಾಮಾಣಿಕತೆ ಮದ್ದಿಗೆ ಗುಣವನ್ನು ಕೊಡಲಾರದು.

ಕಟ್ಟುಹಾವಿನ ಕಡಿತದಲ್ಲಿ ಈ ಭ್ರಮೆ ಇನ್ನೂ ಅಪಾಯಕರ. ಅದು ಹೆಚ್ಚಾಗಿ ರಾತ್ರಿಯ ವೇಳೆ ಕಚ್ಚುತ್ತದೆ; ಎಷ್ಟೋ ಸಲ ನೋವೂ ಇರುವುದಿಲ್ಲ, ಬಾವೂ ಕಾಣುವುದಿಲ್ಲ. ಮಂತ್ರದಿಂದ ವಿಷ ಇಳಿಯಿತೆಂದು ಮನೆಯವರು ನೆಮ್ಮದಿಯಿಂದಿರುವಾಗಲೇ ರೋಗಿಯ ಕಣ್ಣಿನ ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಕಳೆದುಹೋದ ಆ ಕೆಲವು ಗಂಟೆಗಳು ಮತ್ತೆ ಬಾರವು. ಏರಿದ ಹಾವಿನ ವಿಷವನ್ನು ಎದುರಿಸಬಲ್ಲದೆಂದು ಪರೀಕ್ಷೆಯಲ್ಲಿ ನಿಂತಿರುವ ಮದ್ದು, ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತರೆಂದು ಅಂದಾಜು ಮಾಡಲಾಗಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ಆದೇಶಿಸಿತು. ಸಾಕ್ಷಿ ನುಡಿಯಲಾರದವರನ್ನೂ ಲೆಕ್ಕಕ್ಕೆ ತಂದುಕೊಳ್ಳುವ ಕ್ರಮವಿದು.

ಹಾಗೆಂದು ನಮ್ಮ ಗಿಡಮೂಲಿಕೆಗಳೆಲ್ಲ ನಿಷ್ಪ್ರಯೋಜಕವೆಂದು ತಿಳಿಯುವುದೂ ತಪ್ಪು. ಸರ್ಪಗಂಧಿಯ ಕಥೆಯನ್ನು ನೋಡಿರಿ. ಈ ಗಿಡದ ಬೇರನ್ನು ನಮ್ಮ ದೇಶದಲ್ಲಿ ಹಿಂದಿನಿಂದಲೂ ಹಲವು ಬೇನೆಗಳಿಗೆ ಬಳಸುತ್ತಿದ್ದರು. ಹಾವಿನ ವಿಷಕ್ಕೂ ಅದು ಮದ್ದೆಂದು ನಂಬಿದ್ದರು. ಮುಂಬಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲರು ಈ ಬೇರನ್ನು ರಕ್ತದ ಒತ್ತಡ ಹೆಚ್ಚಾಗಿದ್ದ 50 ಮಂದಿ ರೋಗಿಗಳಿಗೆ ಕೊಟ್ಟು, ಪ್ರತಿಯೊಬ್ಬರ ಒತ್ತಡವನ್ನೂ ಅಳೆದು, ಫಲಿತಾಂಶವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಜಗತ್ತಿನ ವೈದ್ಯರೆಲ್ಲ ಅದನ್ನು ಸ್ವೀಕರಿಸಿದರು. ಬಳಕೆ ಹೆಚ್ಚಿದಂತೆ ಕೆಲವರಲ್ಲಿ ಮನಸ್ಸು ಕುಗ್ಗುವಂಥ ದುಷ್ಪರಿಣಾಮಗಳು ಕಂಡುಬಂದವು. ಅವನ್ನೂ ಮರೆಮಾಚದೆ ಬರೆದಿಟ್ಟರು. ಆದರೆ ಅದೇ ಬೇರು ಹಾವಿನ ವಿಷವನ್ನು ಇಳಿಸುತ್ತದೆಂಬುದು ಸಿದ್ಧವಾಗಲಿಲ್ಲ. ಗಿಡ ಒಂದೇ, ಅದರ ಬಗೆಗಿನ ಒಂದು ಮಾತು ನಿಂತಿತು, ಇನ್ನೊಂದು ನಿಲ್ಲಲಿಲ್ಲ. ಮದ್ದು ನಮ್ಮದೋ ಪರರದೋ, ಹಳೆಯದೋ ಹೊಸದೋ ಎಂಬುದು ಮುಖ್ಯವಲ್ಲ. ಅದು ಪರೀಕ್ಷೆಗೆ ನಿಂತಿತೇ ಎಂಬುದು ಮುಖ್ಯ.

ಪರೀಕ್ಷೆ ಮಾಡುವುದು ದೊಡ್ಡ ಪಂಡಿತರಿಗೆ ಮಾತ್ರ ಸಾಧ್ಯವೆಂದು ನೀವು ಭಾವಿಸಬಾರದು. ಅಮೆರಿಕದ ಶಾಲಾ ಬಾಲಕಿ ಎಮಿಲಿ ರೋಸಾ ಒಂಬತ್ತು ವರ್ಷದವಳಾಗಿದ್ದಾಗ ಇಂಥದೊಂದು ಪರೀಕ್ಷೆ ಮಾಡಿದಳು. ರೋಗಿಯನ್ನು ಮುಟ್ಟದೆ, ಅವನ ಮೈಯಿಂದ ಹೊಮ್ಮುವ ಶಕ್ತಿಯನ್ನು ಅಂಗೈಯಿಂದಲೇ ಗ್ರಹಿಸಿ ಚಿಕಿತ್ಸೆ ಮಾಡುತ್ತೇವೆಂದು ಹೇಳಿಕೊಳ್ಳುವವರು ಅಲ್ಲಿದ್ದರು. ಎಮಿಲಿ ಒಂದು ಅಡ್ಡಹಲಗೆಯನ್ನು ನಿಲ್ಲಿಸಿ, ಅದರ ಎರಡು ರಂಧ್ರಗಳ ಮೂಲಕ ಅವರು ಎರಡೂ ಕೈಗಳನ್ನು ಚಾಚುವಂತೆ ಮಾಡಿದಳು. ಬಳಿಕ ನಾಣ್ಯವನ್ನು ಚಿಮ್ಮಿ, ಅದು ಸೂಚಿಸಿದಂತೆ ಅವರ ಎಡಗೈಯ ಅಥವಾ ಬಲಗೈಯ ಮೇಲೆ ತನ್ನ ಕೈಯನ್ನು ಹಿಡಿದು, “ನನ್ನ ಕೈ ಯಾವ ಕಡೆಗಿದೆ?” ಎಂದು ಕೇಳಿದಳು. 21 ಮಂದಿ 280 ಸಲ ಉತ್ತರ ಹೇಳಿದರು. ಸರಿಯಾದ ಉತ್ತರಗಳು 123; ಎಂದರೆ ನೂರಕ್ಕೆ 44. ಸುಮ್ಮನೆ ಊಹಿಸಿದ್ದರೂ ನೂರಕ್ಕೆ 50 ಸರಿಯಾಗಬಹುದಾಗಿತ್ತು! 1998ರಲ್ಲಿ ಈ ಪ್ರಯೋಗವು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಬಾಲಕಿ ಯಾರನ್ನೂ ಹಳಿಯಲಿಲ್ಲ. ನೀವು ಹೇಳುವುದನ್ನು ಮಾಡಿ ತೋರಿಸಿ ಎಂದು ಕೇಳಿದಳು, ಅಷ್ಟೆ.

ಹೀಗೆ ಕೇಳದೆ ಹೋದರೆ ಆಗುವ ಹಾನಿ ಹಣದ್ದು ಮಾತ್ರವಲ್ಲ. ಸಿಹಿಮೂತ್ರ ರೋಗದ ಒಂದು ಬಗೆಯಲ್ಲಿ ಮಕ್ಕಳ ದೇಹವು ಇನ್ಸುಲಿನ್ನನ್ನು ತಯಾರಿಸುವುದೇ ಇಲ್ಲ. 1922ಕ್ಕೆ ಮೊದಲು ಅಂಥ ಮಕ್ಕಳು ಉಳಿಯುತ್ತಿರಲಿಲ್ಲ. ಆ ವರ್ಷ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡಲಾಯಿತು, ಸಾವಿನಂಚಿನಲ್ಲಿದ್ದವನು ಚೇತರಿಸಿಕೊಂಡನು. ಇಂದು ಯಾವನಾದರೂ ಅಂಥ ಮಗುವಿನ ತಾಯಿಗೆ, “ಸೂಜಿ ನಿಲ್ಲಿಸಿ, ನನ್ನ ಪುಡಿ ಕೊಡಿ” ಎಂದರೆ, ಅವನು ಆ ಮಗುವನ್ನು 1922ಕ್ಕೆ ಹಿಂದಿನ ಕಾಲಕ್ಕೆ ನೂಕಿದಂತೆಯೇ ಸರಿ.

ಇದನ್ನರಿತೇ ನಮ್ಮ ಸಂಸತ್ತು 1954ರಲ್ಲಿ, ಔಷಧಿಗಳು ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆಯನ್ನು ಮಾಡಿತು. ಸಿಹಿಮೂತ್ರ, ಕ್ಯಾನ್ಸರ್, ಪಾರ್ಶ್ವವಾಯು ಮುಂತಾದ ರೋಗಗಳನ್ನು ವಾಸಿಮಾಡುತ್ತೇವೆಂದು ಜಾಹೀರಾತು ನೀಡುವುದನ್ನು ಅದು ನಿಷೇಧಿಸುತ್ತದೆ. ತಾಯಿತ, ಮಂತ್ರ, ಕವಚಗಳನ್ನೂ ಹೆಸರಿಸುತ್ತದೆ. ಭಾರತೀಯ ವೈದ್ಯಕೀಯ ಸಂಘವು 2022ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕ ಪ್ರಕರಣದಲ್ಲಿ, ಪತಂಜಲಿ ಆಯುರ್ವೇದ ಸಂಸ್ಥೆಯವರು ತಮ್ಮ ಜಾಹೀರಾತುಗಳಿಗಾಗಿ 2024ರಲ್ಲಿ ವೃತ್ತಪತ್ರಿಕೆಗಳಲ್ಲಿ ಬಹಿರಂಗವಾಗಿ ಕ್ಷಮೆ ಯಾಚಿಸಬೇಕಾಯಿತು. ಆದರೆ ಸಂತೆಯ ಮೂಲೆಯಲ್ಲಿ ಆಡುವ ಪ್ರತಿಯೊಂದು ಮಾತನ್ನೂ ಕಾನೂನು ಆಲಿಸಲಾರದು. ಅಲ್ಲಿ ಬೇಕಾದುದು ಪ್ರಶ್ನೆ ಕೇಳುವ ಧೈರ್ಯ.

ಆ ಧೈರ್ಯ ಈ ನೆಲಕ್ಕೆ ಹೊಸದಲ್ಲ. ಇದೇ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಡನೆ ಪರಕೀಯ ಆಡಳಿತವನ್ನು ಎದುರಿಸಿ ಗುಂಡಿಗೆ ಬಲಿಯಾದರು. ಅದೇ ಚಲೇಜಾವ್ ಚಳವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆ ಸೇರಿದ ವಿದ್ಯಾರ್ಥಿಗಳಲ್ಲಿ ಎಚ್. ನರಸಿಂಹಯ್ಯನವರೂ ಒಬ್ಬರು. ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಅವರು 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಶೋಧಿಸಲು ಒಂದು ಸಮಿತಿಯನ್ನು ರಚಿಸಿದರು. ವಿರೋಧ ಬಂದಿತು, ಅವರು ಅಳುಕಲಿಲ್ಲ. ಪರರ ಆಳ್ವಿಕೆಯಿಂದ ಬಿಡುಗಡೆಯಾದರೆ ಸಾಲದು, ಪರೀಕ್ಷಿಸದ ಮಾತುಗಳ ಆಳ್ವಿಕೆಯಿಂದಲೂ ಮನಸ್ಸು ಬಿಡುಗಡೆಯಾಗಬೇಕೆಂಬುದನ್ನು ಅವರು ಬಾಳಿ ತೋರಿಸಿದರು. ಅದೇ 1976ರಲ್ಲಿ ಅಂಗೀಕೃತವಾದ 42ನೆಯ ತಿದ್ದುಪಡಿಯು, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿಸಿತು.

ಈ ಕರ್ತವ್ಯವನ್ನು ಮನೆಯಲ್ಲಿ ನಡೆಸುವುದು ಸಭೆಯಲ್ಲಿ ನಡೆಸುವುದಕ್ಕಿಂತ ಕಷ್ಟ. ಬೇರು ಕುಡಿಸೋಣವೆನ್ನುವವರು ನಮ್ಮನ್ನು ಎತ್ತಿ ಆಡಿಸಿದ ಹಿರಿಯರೇ ಆಗಿರುತ್ತಾರೆ. ಅವರಿಗಿರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಆತಂಕ. ಅವರನ್ನು ಹೀಗಳೆಯಬಾರದು, ಆದರೆ ಸುಮ್ಮನಿರಲೂಬಾರದು. ಗುಣವಾದವರೆಷ್ಟು ಎಂದಷ್ಟೇ ಅಲ್ಲ, ಗುಣವಾಗದವರೆಷ್ಟು ಎಂದೂ ಕೇಳಬೇಕು. ಈ ಮದ್ದಿಲ್ಲದೆಯೂ ಗುಣವಾಗುತ್ತಿತ್ತೇ ಎಂದು ಕೇಳಬೇಕು. ಇದನ್ನು ಯಾರು, ಹೇಗೆ ಪರೀಕ್ಷಿಸಿದರು ಎಂದು ಕೇಳಬೇಕು.

ಆದರೆ ಈ ಪ್ರಶ್ನೆಗಳಿಗೂ ಒಂದು ಹೊತ್ತಿದೆ. ಹೊಲದಲ್ಲಿ ಆ ಹುಡುಗನು ಕಾಲು ಹಿಡಿದು ಕುಳಿತಾಗ ವಾದಕ್ಕೆ ಸಮಯವಿರುವುದಿಲ್ಲ. ಆದುದರಿಂದ ಇಂದೇ, ಎಲ್ಲರೂ ಆರೋಗ್ಯದಿಂದಿರುವಾಗಲೇ, ಮನೆಯ ಜಗಲಿಯಲ್ಲಿ ಈ ಮಾತು ನಡೆಯಬೇಕು. “ಅಜ್ಜಾ, ಹಾವು ಕಚ್ಚಿದರೆ ನಾವು ಮೊದಲು ಆಸ್ಪತ್ರೆಗೇ ಹೋಗೋಣ” ಎಂದು ಮನೆಯ ಮಗುವೊಂದು ಮುಂಚಿತವಾಗಿ ಹೇಳಿ ಒಪ್ಪಿಸಿದ್ದರೆ, ಆ ಸಂಜೆ ಒಂದು ಜೀವ ಉಳಿದೀತು.

ಅಭ್ಯಾಸ

ಶಬ್ದಾರ್ಥ: ಮಸುಕು – ಮಬ್ಬು ಬೆಳಕು, ಪ್ರತಿವಿಷ – ವಿಷವನ್ನು ನಿಷ್ಫಲಗೊಳಿಸುವ ಮದ್ದು, ಹಳಿ – ನಿಂದಿಸು, ಹೀಗಳೆ – ಕೀಳಾಗಿ ಕಾಣು.

1. ವಿಷ ಇಳಿಸುವವನ ಕೀರ್ತಿ ಬೆಳೆಯಲು ಲೇಖಕರು ಕೊಡುವ ಕಾರಣಗಳಾವುವು?
2. ಸರ್ಪಗಂಧಿಯ ಕಥೆಯಿಂದ ತಿಳಿದುಬರುವ ನೀತಿಯನ್ನು ವಿವರಿಸಿರಿ.
3. ಎಮಿಲಿ ರೋಸಾ ನಾಣ್ಯವನ್ನು ಚಿಮ್ಮಿದ್ದೇಕೆ? ಯೋಚಿಸಿ ಬರೆಯಿರಿ.
4. ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ: “ಸತ್ತವರು ಸಾಕ್ಷಿ ನುಡಿಯಲು ಬರುವುದಿಲ್ಲ.”
5. ನಿಮ್ಮ ಊರಿನಲ್ಲಿ ಕೇಳಿಬರುವ ಮದ್ದಿನ ಜಾಹೀರಾತೊಂದನ್ನು ಆರಿಸಿಕೊಂಡು, ಪಾಠದ ಕೊನೆಯಲ್ಲಿರುವ ಮೂರು ಪ್ರಶ್ನೆಗಳಿಂದ ಅದನ್ನು ಪರಿಶೀಲಿಸಿರಿ.