ಸ್ಪೀಕರ್‌ಗೂ ಒಂದು ಸಿಂಬಿ ಬೇಕು

ವಿಜ್ಞಾನ ಪಾಠ: ಮಾಡಿ ನೋಡು, ಕೇಳಿ ತಿಳಿ



ನಮ್ಮ ತಾಲೂಕಿನ ಮೈಲಾರದ ಕಾರ್ಣಿಕವನ್ನು ನೀವೆಲ್ಲ ಬಲ್ಲಿರಿ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಜನಸಾಗರ ಒಮ್ಮೆಲೇ ಸುಮ್ಮನಾಗುತ್ತದೆ. ಯಾಕೆಂದರೆ ಆಮೇಲೆ ಬರುವುದು ಒಂದೇ ಒಂದು ಮಾತು. ಅದು ಸ್ಪಷ್ಟವಾಗಿ ಕಿವಿಗೆ ಬೀಳಬೇಕಾದರೆ ಬೇರೆ ಸದ್ದು ಮೊದಲು ನಿಲ್ಲಬೇಕು. ಇವತ್ತಿನ ಪಾಠದ ಸಾರವೂ ಇಷ್ಟೇ.

ತರಗತಿಯಲ್ಲಿ ಸ್ಪೀಕರ್ ಹಚ್ಚಿ ಪಾಠ ಕೇಳಿಸಿದಾಗ ಹಿಂದಿನ ಸಾಲಿನವರು “ಸರ್, ತಿಳಿಯವಲ್ದು” ಅನ್ನುತ್ತಾರೆ. ಆಗ ನಾವು ಮಾಡುವುದೇನು? ವಾಲ್ಯೂಮ್ ಏರಿಸುತ್ತೇವೆ. ದನಿಯ ಜೊತೆಗೆ “ಗುಂಯ್” ಅನ್ನುವುದೂ ಏರುತ್ತದೆ. ಮಾತು ಮತ್ತೂ ತಿಳಿಯುವುದಿಲ್ಲ. ಆ ಗುಂಯ್ ಸದ್ದು ಎಲ್ಲಾ ಸ್ಪೀಕರಿನದೇ ಅಂತ ತಿಳಿಯಬೇಡಿ. ಅದರಲ್ಲಿ ಸ್ಪೀಕರ್ ಕೂತಿರುವ ಮೇಜಿನ ಪಾಲು, ತಗಡಿನ ಅಲ್ಮೇರದ ಪಾಲು, ಗೋಡೆಗೆ ಹೊಡೆದ ಹಲಗೆಯ ಪಾಲೂ ಇರುತ್ತದೆ.

ಅಲ್ಮೇರ ಯಾಕೆ ದನಿ ಮಾಡುತ್ತದೆ?

ಸ್ಪೀಕರಿನ ಒಳಗೆ ಅಯಸ್ಕಾಂತ, ತಂತಿಯ ಸುರುಳಿ ಮತ್ತು ಕಾಗದದ ಕೋನ್ ಇರುತ್ತವೆ. ಕೋನ್ ಮುಂದೆ ಹಿಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇರುತ್ತದೆ ಎಂದು ನ್ಯೂಟನ್ 1687ರಲ್ಲೇ ತನ್ನ ಮೂರನೇ ನಿಯಮದಲ್ಲಿ ಹೇಳಿದ. ಕೋನ್ ಮುಂದಕ್ಕೆ ಹೋದಾಗ ಪೆಟ್ಟಿಗೆಗೆ ಹಿಂದಕ್ಕೆ ಸಣ್ಣ ತಳ್ಳು ಸಿಗುತ್ತದೆ. ಈ ತಳ್ಳು ಸೆಕೆಂಡಿಗೆ ನೂರಾರು ಸಲ ಪೆಟ್ಟಿಗೆಯ ತಳದಿಂದ ಅಲ್ಮೇರಕ್ಕೆ ಇಳಿಯುತ್ತದೆ. ಅಲ್ಮೇರದ ತಗಡು ಅಗಲ. ಅಗಲವಾದದ್ದು ಸ್ವಲ್ಪ ಅಲುಗಿದರೂ ಬಹಳ ಗಾಳಿಯನ್ನು ಅಲುಗಿಸುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಪ್ರಯೋಗಶಾಲೆಯ ಶ್ರುತಿಕವೆ. ಅದನ್ನು ಬಡಿದು ಕೈಯಲ್ಲೇ ಹಿಡಿದರೆ ದನಿ ಸಣ್ಣದು. ಅದರ ಬುಡವನ್ನು ಮೇಜಿಗೆ ಒತ್ತಿ ಹಿಡಿಯಿರಿ, ಇಡೀ ತರಗತಿಗೆ ಕೇಳುತ್ತದೆ. ಶ್ರುತಿಕವೆಯ ಕಂಪನ ಮೇಜಿಗೆ ಇಳಿದು ಮೇಜೇ ಹಾಡಿತು.

ಪ್ರತಿ ವಸ್ತುವಿಗೂ ತನಗೆ ಇಷ್ಟವಾದ ಆವೃತ್ತಿ ಒಂದಿರುತ್ತದೆ. ಆ ಆವೃತ್ತಿಯ ಸ್ವರ ಬಂದಾಗ ಅದು ಹೆಚ್ಚು ಅಲುಗುತ್ತದೆ. ಇದಕ್ಕೆ ಅನುನಾದ ಎನ್ನುತ್ತಾರೆ. ಹಾಡಿನಲ್ಲಿ ಒಂದೇ ಒಂದು ಡೋಲಿನ ಪೆಟ್ಟಿಗೆ ಮಾತ್ರ ಅಲ್ಮೇರ ಗಡಗಡ ಅನ್ನುವುದು ಇದೇ ಕಾರಣಕ್ಕೆ.

ತಂಬೂರಿಗೆ ಬೇಕು, ಸ್ಪೀಕರ್‌ಗೆ ಬೇಡ

“ಹಾಗಾದರೆ ಕಂಪನ ಇಳಿಯುವುದು ಒಳ್ಳೇದಲ್ಲವೇ, ದನಿ ದೊಡ್ಡದಾಗುತ್ತದಲ್ಲ?” ಎಂದು ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಭಜನೆಯ ತಂಬೂರಿಯಲ್ಲಿ ತಂತಿಯ ದನಿ ಬಹಳ ಸಣ್ಣದು. ಕುದುರೆಯ ಮೂಲಕ ಕಂಪನ ಬುರುಡೆಗೆ ಇಳಿದಾಗಲೇ ತಂಬೂರಿ ತುಂಬಿ ನುಡಿಯುತ್ತದೆ. ಅಲ್ಲಿ ಬುರುಡೆ ವಾದ್ಯದ ಒಂದು ಭಾಗ. ಆದರೆ ಸ್ಪೀಕರಿಗೆ ಬರುವುದು ಆಗಲೇ ತಯಾರಾದ ದನಿ. ತಂಬೂರಿಯ ಬುರುಡೆಯೂ, ಹಾಡುವವರ ಗಂಟಲೂ ಅದರಲ್ಲೇ ಇವೆ. ಅದಕ್ಕೆ ನಮ್ಮ ಅಲ್ಮೇರ ತನ್ನ ರಾಗ ಸೇರಿಸಬೇಕಾಗಿಲ್ಲ.

ಮಾತಿಗಂತೂ ಇದರಿಂದ ತೊಂದರೆ ಹೆಚ್ಚು. ಅ, ಆ, ಓ ಮುಂತಾದ ಸ್ವರಗಳ ಬಲ ಕೆಳಗಿನ ಆವೃತ್ತಿಗಳಲ್ಲಿರುತ್ತದೆ. ಸ, ಶ ಮುಂತಾದ ವ್ಯಂಜನಗಳ ಗುರುತು 2000 ಹರ್ಟ್ಸ್‌ಗೂ ಮೇಲೆ, ಬಹಳ ಸಣ್ಣ ದನಿಯಲ್ಲಿರುತ್ತದೆ. ದಪ್ಪ ಸದ್ದು ಸಣ್ಣ ಸದ್ದನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಆಗ “ಸಾಲು” ಯಾವುದು “ಶಾಲು” ಯಾವುದು, “ಕಡೆ” “ತಡೆ” “ಪಡೆ” ಯಾವುದು ತಿಳಿಯುವುದಿಲ್ಲ. ಹಿಂದಿನ ಬೆಂಚಿನ ಹುಡುಗ ಉಕ್ತಲೇಖನ ತಪ್ಪು ಬರೆದರೆ ಪ್ರತಿಸಲ ಅವನ ತಪ್ಪೇ ಆಗಿರಬೇಕಿಲ್ಲ.

ಸಿಂಬಿಯ ಉಪಾಯ

ನಮ್ಮ ತಾಯಂದಿರು ತಲೆಯ ಮೇಲೆ ಕೊಡ ಹೊರುವಾಗ ಕೆಳಗೆ ಸಿಂಬಿ ಇಡುತ್ತಾರೆ. ಎಲ್ಲಮ್ಮನ ಕಥೆಯಲ್ಲಿ ಮರಳಿನ ಕೊಡಕ್ಕೂ ಹಾವಿನ ಸಿಂಬಿ ಇತ್ತು. ಸಿಂಬಿ ಭಾರ ಹೊರುತ್ತದೆ, ಆದರೆ ನಡಿಗೆಯ ಪೆಟ್ಟನ್ನು ತಾನು ನುಂಗುತ್ತದೆ. ಮನೆಯ ಮಿಕ್ಸರಿನ ಕೆಳಗಿರುವ ರಬ್ಬರ್ ಕಾಲುಗಳ ಕೆಲಸವೂ ಅದೇ. ಪೇಟೆಯಲ್ಲಿ ಸ್ಪೀಕರಿಗೆಂದೇ ಐಸೋಲೇಷನ್ ಪ್ಯಾಡ್ ಎಂಬ ಮೆತ್ತೆ ಮಾರುತ್ತಾರೆ. ತತ್ವ ಗೊತ್ತಿದ್ದರೆ ಮನೆಯ ಸಾಮಾನಿನಲ್ಲೇ ಆ ಕೆಲಸ ಮಾಡಿಕೊಳ್ಳಬಹುದು.

ಮೆತ್ತೆ ಒಂದು ಸ್ಪ್ರಿಂಗ್ ಇದ್ದ ಹಾಗೆ. ಸ್ಪೀಕರಿನ ಭಾರಕ್ಕೆ ಅದು ಎಷ್ಟು ತಗ್ಗುತ್ತದೆ ಎಂಬುದೇ ಮುಖ್ಯ. ಲೆಕ್ಕ ಸುಲಭ ಐತಿ: ತಗ್ಗಿದ್ದು ಎಷ್ಟು ಮಿಲಿಮೀಟರ್ ಎಂದು ಅಳೆದು, ಅದರ ವರ್ಗಮೂಲದಿಂದ 16ನ್ನು ಭಾಗಿಸಿರಿ. ಬರುವ ಉತ್ತರವೇ ಮೆತ್ತೆಯ ಸ್ವಂತ ಆವೃತ್ತಿ, ಹರ್ಟ್ಸ್‌ನಲ್ಲಿ.

4 ಮಿ.ಮೀ. ತಗ್ಗಿದರೆ: 16 ÷ 2 = 8 ಹರ್ಟ್ಸ್
1 ಮಿ.ಮೀ. ತಗ್ಗಿದರೆ: 16 ÷ 1 = 16 ಹರ್ಟ್ಸ್
ಕಾಲು ಮಿ.ಮೀ. ತಗ್ಗಿದರೆ: 16 ÷ ½ = 32 ಹರ್ಟ್ಸ್

ಈ ಆವೃತ್ತಿಯ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನಗಳನ್ನು ಮಾತ್ರ ಮೆತ್ತೆ ತಡೆಯುತ್ತದೆ. ಅಂದರೆ 16 ಹರ್ಟ್ಸ್‌ನ ಮೆತ್ತೆ 22ಕ್ಕಿಂತ ಮೇಲಿನದನ್ನು ತಡೆಯುತ್ತದೆ. ಮೇಲೆ ಹೋದಷ್ಟೂ ಹೆಚ್ಚು ತಡೆಯುತ್ತದೆ. ಮನುಷ್ಯನ ಕಿವಿಗೆ ಕೇಳುವುದು 20ರಿಂದ 20,000 ಹರ್ಟ್ಸ್. ಆದ್ದರಿಂದ 1 ಮಿ.ಮೀ. ಅಥವಾ ಅದಕ್ಕಿಂತ ತುಸು ಹೆಚ್ಚು ತಗ್ಗಿದರೆ ನಮ್ಮ ಕೆಲಸ ಆಯಿತು. ರಬ್ಬರ್ ಅಲುಗುವಾಗ ಸ್ವಲ್ಪ ಬಿಗಿಯಾಗುತ್ತದೆ, ಹೀಗಾಗಿ ನಿಜವಾದ ಸಂಖ್ಯೆ ಲೆಕ್ಕಕ್ಕಿಂತ ತುಸು ಮೇಲಿರುತ್ತದೆ.

ಎಚ್ಚರ! ಮೆತ್ತೆ ಬಹಳ ಗಟ್ಟಿಯಾಗಿ, ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗ ಮಾತ್ರ ತಗ್ಗಿದರೆ ಉತ್ತರ 160 ಹರ್ಟ್ಸ್ ಬರುತ್ತದೆ. ಅದು ಮಾತಿನ ಆವೃತ್ತಿಯೇ! ಅಂಥ ಮೆತ್ತೆ ಅಲ್ಲಿ ಕಂಪನವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಬಹುದು. ನಾವು ಇಟ್ಟಿಗಿಯವರು ಅಂತ ಸ್ಪೀಕರಿನ ಕೆಳಗೆ ಇಟ್ಟಿಗೆ ಇಟ್ಟರೂ ಸಾಲದು. ಇಟ್ಟಿಗೆ ತಗ್ಗುವುದೇ ಇಲ್ಲ.

ಯಾವ ಸಾಮಾನು ಹೇಗೆ?

1. ಹಳೇ ಹವಾಯಿ ಚಪ್ಪಲಿ: ಇಡೀ ಚಪ್ಪಲಿ ಇಟ್ಟರೆ ಗಟ್ಟಿ. ಸಣ್ಣ ನಾಲ್ಕು ತುಂಡು ಕತ್ತರಿಸಿ ನಾಲ್ಕು ಮೂಲೆಗೆ ಇಡಿ. ವಿಸ್ತೀರ್ಣ ಕಡಿಮೆಯಾದರೆ ಒತ್ತಡ ಹೆಚ್ಚು, ಆಗ ಹೆಚ್ಚು ತಗ್ಗುತ್ತದೆ.
2. ಪಾತ್ರೆ ತೊಳೆಯುವ ಸ್ಪಂಜು: ಹಗುರ ಸ್ಪೀಕರಿಗೆ ಒಳ್ಳೇದು. ಭಾರದ ಸ್ಪೀಕರ್ ಇಟ್ಟರೆ ಪೂರಾ ಅಪ್ಪಚ್ಚಿಯಾಗುತ್ತದೆ. ಅಪ್ಪಚ್ಚಿಯಾದದ್ದು ಸ್ಪ್ರಿಂಗ್ ಅಲ್ಲ. ದಪ್ಪದ ಕಾಲು ಭಾಗಕ್ಕಿಂತ ಹೆಚ್ಚು ತಗ್ಗಬಾರದು.
3. ಕೌದಿ ತುಂಡು, ಗೋಣಿತಾಟು: ಕಟಕಟ ಸದ್ದು ನಿಲ್ಲಿಸುತ್ತವೆ. ಆದರೆ ದಿನ ಕಳೆದಂತೆ ಒತ್ತಿ ಗಟ್ಟಿಯಾಗುತ್ತವೆ.
4. ಚಿಕ್ಕ ಮಕ್ಕಳ ಸೈಕಲ್ಲಿನ ಟ್ಯೂಬ್: ಇದೇ ನಿಜವಾದ ಸಿಂಬಿ! ಪಂಕ್ಚರ್ ತಿದ್ದಿಸಿ, ಅರೆಬರೆ ಗಾಳಿ ತುಂಬಿ, ಮೇಲೆ ಹಲಗೆ ಇಟ್ಟು ಸ್ಪೀಕರ್ ಇಡಿ. ಗಾಳಿಯೇ ಸ್ಪ್ರಿಂಗ್ ಆಗುತ್ತದೆ. ಓಲಾಡದಂತೆ ನಡುವೆ ಕೂಡಿಸಬೇಕು. ಎತ್ತರದ ಜಾಗದಲ್ಲಿ ಇದು ಬೇಡ. ರಬ್ಬರಿನ ಕಪ್ಪು ಕಲೆ ಹತ್ತದಂತೆ ಕೆಳಗೆ ಬಟ್ಟೆ ಹಾಸಿರಿ.

ಮಾಡುವ ವಿಧಾನ

ಮೊದಲು ಸ್ಪೀಕರಿನ ವೈರ್ ಪ್ಲಗ್ಗಿನಿಂದ ತೆಗೆಯಿರಿ. ಮೆತ್ತೆಗಳನ್ನು ಇಟ್ಟು ಮೇಲೆ ಒಂದು ಹಗುರ ರಟ್ಟು ಇಡಿ. ಮೇಜಿನಿಂದ ರಟ್ಟಿನವರೆಗೆ ಸ್ಕೇಲಿನಿಂದ ಅಳೆಯಿರಿ. ಈಗ ಸ್ಪೀಕರ್ ಇಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ತಗ್ಗಿದ ಅಳತೆ. ಕಡಿಮೆ ತಗ್ಗಿದರೆ ಮೆತ್ತೆಯನ್ನು ಚಿಕ್ಕದು ಮಾಡಿ, ಬಹಳ ತಗ್ಗಿದರೆ ಇನ್ನೊಂದು ತುಂಡು ಸೇರಿಸಿ. ಪೆಟ್ಟಿಗೆಯ ಹಿಂದೆ ಗಾಳಿಯ ರಂಧ್ರ ಇದ್ದರೆ ಮುಚ್ಚಬೇಡಿ. ಹಾಡು ಹಚ್ಚಿ ಅಲ್ಮೇರದ ಮೇಲೆ ಅಂಗೈ ಇಟ್ಟು ನೋಡಿರಿ. ಮೊದಲಿನ ಜುಮ್ ಜುಮ್ ಕಡಿಮೆಯಾಗಿದ್ದರೆ ಮೆತ್ತೆ ಕೆಲಸ ಮಾಡುತ್ತಿದೆ.

ಕಿವಿಯನ್ನು ನಂಬುವುದು ಹೇಗೆ?

ಕಷ್ಟಪಟ್ಟು ಮಾಡಿದ್ದು ಚೆನ್ನಾಗಿಯೇ ಕೇಳಿಸುತ್ತದೆ, ಅದು ಮನಸ್ಸಿನ ಗುಣ. ಅದಕ್ಕೇ ಪರೀಕ್ಷೆ ಬೇಕು. ಸ್ಪೀಕರಿನ ಮುಂದೆ ತೆಳ್ಳನೆ ಬಟ್ಟೆಯ ಪರದೆ ಕಟ್ಟಿ. ಒಬ್ಬ ಗೆಳೆಯ ನಾಣ್ಯ ಚಿಮ್ಮಿ, ಅಂಕಿ ಬಂದರೆ ಮೆತ್ತೆ, ಚಿತ್ರ ಬಂದರೆ ಅಷ್ಟೇ ದಪ್ಪದ ಮರದ ತುಂಡು ಎಂದು ಮೊದಲೇ ಗೊತ್ತುಮಾಡಿಕೊಂಡು ಇಡಲಿ. ಎತ್ತರ ಬದಲಾದರೂ ದನಿ ಬದಲಾಗುತ್ತದೆ, ಅದಕ್ಕೇ ಮರದ ತುಂಡು ಬೇಕು. ವಾಲ್ಯೂಮ್ ಮುಟ್ಟಬೇಡಿ. ಪ್ರತಿಸಲ ಬೇರೆ ಬೇರೆ 20 ಶಬ್ದ ಕೇಳಿಸಿ. ಹಿಂದಿನ ಬೆಂಚಿನವರು ಬರೆಯಲಿ. ಹತ್ತು ಸಲ ಮಾಡಿ, ಸರಿ ಉತ್ತರಗಳನ್ನು ಎಣಿಸಿ. ವ್ಯತ್ಯಾಸ ಕಾಣದಿದ್ದರೆ ಹಾಗೆಯೇ ಬರೆಯಿರಿ, ಅದೂ ವಿಜ್ಞಾನವೇ.

ಮೆತ್ತೆ ಏನು ಮಾಡಲಾರದು?

ಹರಿದ ಕೋನ್ ಅದರಿಂದ ಸರಿಹೋಗುವುದಿಲ್ಲ. ಸ್ಪೀಕರ್ ಮೊದಲೇ ಗಟ್ಟಿ ನೆಲದ ಮೇಲಿದ್ದರೆ ವ್ಯತ್ಯಾಸ ಬಹಳ ಕಡಿಮೆ. ಗಾಳಿಯಲ್ಲಿ ಹೋಗುವ ದನಿಯನ್ನೂ ಅದು ತಡೆಯುವುದಿಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ ಎಷ್ಟು ಒಳ್ಳೆಯ ಮೆತ್ತೆ ಇಟ್ಟರೂ ಪ್ರತಿಧ್ವನಿ ಬಂದೇ ಬರುತ್ತದೆ. ಬರಿಗೋಡೆಯ ಕೋಣೆಯಲ್ಲಿ ಮೆತ್ತೆಯ ಜೊತೆಗೆ ಗೋಡೆಗೆ ಕೌದಿ ತೂಗುಹಾಕಿದರೆ ಉಪಯೋಗ.

ಲಾಭ ಇಷ್ಟು: ಮಾತು ಸ್ಪಷ್ಟವಾದರೆ ವಾಲ್ಯೂಮ್ ಇಳಿಸಬಹುದು. ಪಕ್ಕದ ಕೋಣೆಯ ತರಗತಿಗೆ ತೊಂದರೆಯಿಲ್ಲ. ಮನೆಯಲ್ಲಾದರೆ ಪಕ್ಕದ ಮನೆಯಲ್ಲಿ ಎಸ್‌ಎಸ್‌ಎಲ್‌ಸಿಗೆ ಓದುವ ಅಕ್ಕನಿಗೂ, ತೊಟ್ಟಿಲ ಕೂಸಿಗೂ ಉಪಕಾರ. ಹಿಂದಿನ ಬೆಂಚಿಗೂ ಮುಂದಿನ ಬೆಂಚಿನಷ್ಟೇ ಪಾಠ ಮುಟ್ಟುತ್ತದೆ.

ಉತ್ತರ ಹೇಳಿರಿ

1. ಮೆತ್ತೆ 2¼ ಮಿ.ಮೀ. ತಗ್ಗಿದರೆ ಅದರ ಆವೃತ್ತಿ ಎಷ್ಟು?
2. ಅದೇ ಸ್ಪಂಜಿನ ಮೇಲೆ ಎರಡು ಪಟ್ಟು ಭಾರದ ಸ್ಪೀಕರ್ ಇಟ್ಟರೆ ಆವೃತ್ತಿ ಏರುತ್ತದೋ, ಇಳಿಯುತ್ತದೋ?
3. ನಿಮ್ಮ ಮನೆಯಲ್ಲಿ ಕಂಪನ ತಡೆಯಲು ರಬ್ಬರ್ ಬಳಸಿದ ಮೂರು ವಸ್ತು ಯಾವುವು?

ಉತ್ತರವನ್ನೂ, ನಿಮ್ಮ ಪರೀಕ್ಷೆಯ ಎಣಿಕೆಯನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಅಂಟಿಸೋಣ.